ತಾಳುವ ಬಲ

ಹೋದ ವರ್ಷ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ವೇಳೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದರು. ಅವರು ಧಾರವಾಡದ ಕಡೆಯವರು. ಖರಾಡಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಇರುತ್ತಾರೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ, ಬಾಳ ದಿನದಿಂದ ಕೇಳಬೇಕಂತಿದ್ದೆ. ಆ ಕರೋನಾ ಕಾಲದಾಗ ನಿಮ್ಮ ಅಣ್ಣಾವ್ರು ಆಸ್ಪತ್ರ್ಯಾಗಿದ್ದಾಗ ನಿಮ್ಮ ಮನ್ಯಾಗ ಹಗಲೂ ರಾತ್ರಿ ಪ್ರಾರ್ಥನಾ ನಡದಿತ್ತು. ಅವರು ಉಳೀಲಿಲ್ಲ. ಆದರೂ ನೀವು ಒಂದ ಭಾನುವಾರ ತಪ್ಪಿಸಿಲ್ಲ. ಅಲ್ಲಿ ಹೋಗಿ ಇನ್ನ ಏನ ಕೇಳ್ತೀರಿ?"

ಕೇಳಿದವರು ಕುಹಕಿಗಳಲ್ಲ. 2021ರ ಏಪ್ರಿಲ್ ತಿಂಗಳಿನಲ್ಲಿ ಆಮ್ಲಜನಕದ ಒಂದು ಸಿಲಿಂಡರಿಗಾಗಿ ನನ್ನ ಸ್ಕೂಟರಿನ ಹಿಂದೆ ಕುಳಿತು ಹಡಪ್ಸರದಿಂದ ಪಿಂಪ್ರಿಯವರೆಗೆ ಅಲೆದವರು ಅವರೇ. ಇಂಥವರ ಪ್ರಶ್ನೆಯನ್ನು ನಕ್ಕು ತೇಲಿಸುವಂತಿಲ್ಲ. ಆದರೆ ಆ ಸಂಜೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. "ಇನ್ನೊಮ್ಮೆ ಹೇಳ್ತೀನ್ರಿ" ಎಂದು ಕುರ್ಚಿ ಎತ್ತುವುದಕ್ಕೆ ಹೋದೆ. ಆ ಉತ್ತರದ ಸಾಲವನ್ನು ಈ ಲೇಖನದಲ್ಲಿ ಅಷ್ಟಿಷ್ಟಾದರೂ ತೀರಿಸಬೇಕೆಂದಿದ್ದೇನೆ.

ಸಿದ್ಧ ಉತ್ತರಗಳಿಗೇನೂ ಬರವಿಲ್ಲ. ಆಗುವುದೆಲ್ಲ ಒಳ್ಳೆಯದಕ್ಕೇ ಎನ್ನುವುದು ಒಂದು. ದೇವರು ತನ್ನವರನ್ನು ಪರೀಕ್ಷಿಸುತ್ತಾನೆ ಎನ್ನುವುದು ಇನ್ನೊಂದು. ಅಣ್ಣನ ಮಣ್ಣಿನ ದಿನ ಇವೆರಡನ್ನೂ ನಾನು ಬೇಕಾದಷ್ಟು ಸಲ ಕೇಳಿದೆ. ಹೇಳಿದವರ ಮನಸ್ಸು ಒಳ್ಳೆಯದೇ ಇದ್ದಿತು. ಆದರೆ ಹತ್ತನೆಯ ತರಗತಿಯ ಮಗಳನ್ನೂ ಅವಳ ತಮ್ಮನನ್ನೂ ಬಿಟ್ಟು ಐವತ್ತೆರಡು ವರ್ಷದ ಮನುಷ್ಯ ಸಾಯುವುದು ಯಾರ ಒಳ್ಳೆಯದಕ್ಕೆ? ಕೂಸುಗಳ ತಂದೆಯನ್ನು ಕಸಿದುಕೊಂಡು ಪರೀಕ್ಷೆ ಮಾಡುವ ದೇವರ ಬಗ್ಗೆ ನಾವು ಏನೆಂದುಕೊಳ್ಳಬೇಕು? ಬಿ.ಎಸ್ಸಿ. ಓದಿದ ತಪ್ಪಿಗೋ ಏನೋ, ಒಂದು ಮಾತು ಎಲ್ಲ ಸಂದರ್ಭಕ್ಕೂ ಹೊಂದಿಬಿಟ್ಟರೆ ಅದು ಯಾವುದನ್ನೂ ವಿವರಿಸುತ್ತಿಲ್ಲ ಎಂಬ ಶಂಕೆ ನನ್ನಲ್ಲಿ ಏಳುತ್ತದೆ.

ನನಗೆ ಬೇರೊಂದು ದಾರಿ ಕಂಡದ್ದು ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲುಹಾದಿಯಲ್ಲಿ, ಸುಮಾರು ಐವತ್ತೈದು ಕಿಲೋಮೀಟರ್ ಆಚೆ ಇರುವ ಕೇಡಗಾಂವದಲ್ಲಿ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಇರುವ ಊರು ಅದು. ಮಹಾರಾಷ್ಟ್ರದವರು ರಮಾಬಾಯಿಯನ್ನು ತಮ್ಮವರೆಂದು ಹೇಳಿಕೊಳ್ಳುವುದು ಸಹಜ. ಅವರ ಮನೆಮಾತು ಮರಾಠಿ, ಅವರ ಕೆಲಸವೂ ಬಹುತೇಕ ಇಲ್ಲಿಯೇ ನಡೆಯಿತು. ಆದರೆ 1858ರ ಏಪ್ರಿಲಿನಲ್ಲಿ ಅವರು ಕಣ್ಣು ತೆರೆದದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ವರಾಹ ಪರ್ವತದ ಮಡಿಲಿನಲ್ಲಿ. ಅವರಿಗೆ ಕನ್ನಡವೂ ಬರುತ್ತಿತ್ತು. ಹೊಟ್ಟೆಪಾಡಿಗಾಗಿ ಘಟ್ಟ ಇಳಿದು, ಪರನಾಡಿನಲ್ಲಿ ನೆಲೆ ಕಂಡವರು ಎನ್ನುವ ಅರ್ಥದಲ್ಲಿ ಅವರು ನಮ್ಮಂಥವರಿಗೆ ಹಿರಿಯಕ್ಕನಂತೆ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂದು ಸಮಾಜದ ಕೆಂಗಣ್ಣಿಗೆ ಗುರಿಯಾದರು. ಕಾಡಿನ ಆಶ್ರಮಕ್ಕೆ ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕಿ ಸಾಲಗಾರರಾಗಿ, ಕೊನೆಗೆ ಸಂಸಾರವನ್ನು ಕಟ್ಟಿಕೊಂಡು ದೇಶಾಂತರ ಹೊರಟರು. ಕೂಸು ರಮಾ ಬೆತ್ತದ ಪೆಟ್ಟಿಗೆಯಲ್ಲಿ ಕೂತು, ಆಳಿನ ತಲೆಯ ಮೇಲೆ ಘಟ್ಟ ಇಳಿಯಿತು. ಅಲ್ಲಿಂದ ಮುಂದೆ ದೇವಸ್ಥಾನದ ಅಂಗಳಗಳಲ್ಲಿ, ನದಿತೀರಗಳಲ್ಲಿ ಪುರಾಣ ಓದುವುದೇ ಕುಟುಂಬದ ಜೀವನ. ಬೇರೆ ಕಸಬು ಕಲಿತವರಲ್ಲ.

1870ರ ದಶಕದಲ್ಲಿ ಮದರಾಸು ಪ್ರಾಂತದಲ್ಲಿ ಬರ ಕಾಲಿಟ್ಟಿತು. (ನಮ್ಮ ಮುತ್ತಜ್ಜಂದಿರು ಧಾತು-ಈಶ್ವರ ಸಂವತ್ಸರದ ಬರವೆಂದು ನೆನೆಯುತ್ತಿದ್ದ 1876-78ರ ಮಹಾಕ್ಷಾಮವೂ ಅದರ ಬೆನ್ನಿಗೇ ಬಂತು.) ಆ ದಿನಗಳ ಬಗ್ಗೆ ರಮಾಬಾಯಿ ತಾವೇ ಬರೆದಿಟ್ಟಿದ್ದಾರೆ; ಓದುವುದು ಕಷ್ಟ. ಇದ್ದ ಹಣ, ಒಡವೆ, ಪಾತ್ರೆ ಎಲ್ಲವನ್ನೂ ಮಾರಿ ದೇವರನ್ನು ಒಲಿಸಿಕೊಳ್ಳಲು ದಾನ, ವ್ರತ, ಜಪ ನಡೆಸಿದರು. ಕೂಲಿ ಮಾಡಲು ಗೊತ್ತಿಲ್ಲ, ಬೇಡಲು ಮಾನ ಬಿಡದು. ಕಾಡಿಗೆ ಹೋಗಿ ಎಲೆ ತಿಂದರು. ಕಣ್ಣು ಕಾಣದ ಮುದಿ ತಂದೆ ಕಿರಿ ಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕಿನುದ್ದಕ್ಕೂ ಅವನ ಸೇವೆ ಮಾಡು ಎಂಬರ್ಥದ ಮಾತು ಹೇಳಿ ತೀರಿಕೊಂಡರು. ತಾಯಿಗೆ ಜ್ವರ. ಮಗಳು ಒಂದು ತುಂಡು ರೊಟ್ಟಿ ಕೇಳಲೆಂದು ನೆರೆಮನೆಗೆ ಹೋದರೆ ನಾಚಿಕೆಗೆ ಬಾಯಿಂದ ಶಬ್ದವೇ ಬರಲೊಲ್ಲದು. ಕಡೆಗೂ ತಂದ ರೊಟ್ಟಿಯನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಕರುಣೆ ತೋರಿ ಬಂದರು, ಮಗ ಮೂರನೆಯವನು, ನಾಲ್ಕನೆಯವಳು ರಮಾ. ಗಿಡ್ಡ ಹುಡುಗಿಯ ಹೆಗಲು ಉಳಿದವರ ಎತ್ತರಕ್ಕೆ ನಿಲುಕದು. ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ದೂರದ ಸ್ಮಶಾನದವರೆಗೆ ನಡೆದಳು.

ಅಕ್ಕನೂ ತೀರಿಕೊಂಡಳು. ಉಳಿದ ಅಣ್ಣ ಶ್ರೀನಿವಾಸ ಮತ್ತು ತಂಗಿ ಕಾಲ್ನಡಿಗೆಯಲ್ಲೇ ಸಾವಿರಾರು ಮೈಲಿ ಉತ್ತರಕ್ಕೆ ಹೋದರು. ಝೀಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಎರಡು ಕುಣಿ ತೋಡಿ, ಕತ್ತಿನವರೆಗೆ ಮರಳು ಎಳೆದುಕೊಂಡು ಮಲಗಿದರಂತೆ. ಶಾಸ್ತ್ರ ಹೇಳಿದ್ದನ್ನೆಲ್ಲ ಮಾಡಿದರೂ ಹೇಳಿದ ಫಲ ಬರಲಿಲ್ಲವೆಂದು ಇಬ್ಬರ ನಂಬಿಕೆಯೂ ಸವೆದುಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಮಾನ್ಯವಾಗಿ ನಮ್ಮ ಸಭೆಗಳಲ್ಲಿ ರಮಾಬಾಯಿಯ ಕಥೆ ಹೇಳುವವರು ಈ ಘಟ್ಟದಲ್ಲಿ, ನೋಡಿ, ಆ ನಂಬಿಕೆ ಕೈಕೊಟ್ಟಿತು, ನಮ್ಮ ನಂಬಿಕೆ ಕೈಹಿಡಿಯಿತು ಎಂದು ಮುಂದೆ ಸಾಗಿಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಆ ಕುಟುಂಬ ಮಾಡಿದ್ದು ಇಷ್ಟೇ: ನಾವು ಇಷ್ಟು ಕೊಡುತ್ತೇವೆ, ನೀನು ಇಷ್ಟು ಕೊಡು ಎಂಬ ಲೆಕ್ಕ. ಈ ಲೆಕ್ಕ ಯಾವ ಒಂದು ಮತದ ಸೊತ್ತೂ ಅಲ್ಲ. ಅಣ್ಣನ ಮನೆಯಲ್ಲಿ ಮೊಣಕಾಲೂರಿ ನಾನು ಮಾಡಿದ್ದೂ ಅದನ್ನೇ. ಇವನೊಬ್ಬನನ್ನು ಉಳಿಸು, ಮುಂದೆ ಇಂಥದು ಮಾಡುತ್ತೇನೆ, ಇಂಥದು ಬಿಡುತ್ತೇನೆ. ಕಚೇರಿಯಲ್ಲಿ ಅರ್ಜಿಯ ಜೊತೆಗೆ ಸಲ್ಲಿಸಬೇಕಾದ ದಾಖಲೆಗಳ ಪಟ್ಟಿಯಂತೆ ನನ್ನ ಪ್ರಾರ್ಥನೆ ಇದ್ದಿತು. ಅರ್ಜಿ ಮಂಜೂರಾಗಲಿಲ್ಲ.

ರಮಾಬಾಯಿಗೆ ಮುಂದೆಯೂ ನೆಮ್ಮದಿ ಇರಲಿಲ್ಲ. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಬಿಪಿನ್ ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. 1882ರ ಫೆಬ್ರವರಿಯಲ್ಲಿ ಕಾಲರಾ ಅವರನ್ನೂ ಒಯ್ದಿತು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ವರ್ಷ ತುಂಬದ ಮಗಳು ಮನೋರಮಾ. ಆ ವರ್ಷವೇ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತ ದೀಕ್ಷೆ ಪಡೆದರು.

ಮತ ಬದಲಿಸಿದ್ದು ಸರಿಯೇ ತಪ್ಪೇ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಆ ಕಾಲದಲ್ಲಿ ಪುಣೆಯಲ್ಲಿ ಅದು ಬೇಕಾದಷ್ಟು ನಡೆಯಿತು. ನನ್ನ ಗಮನ ಸೆಳೆಯುವುದು ಬೇರೆ. ದೀಕ್ಷೆ ಪಡೆದ ಮೇಲೂ ಆಕೆ ತಲೆಯನ್ನು ಯಾರ ಕೈಗೂ ಒಪ್ಪಿಸಲಿಲ್ಲ. ತಮಗೆ ತಿಳಿಯದ ಸಿದ್ಧಾಂತದ ಬಗ್ಗೆ ಇಂಗ್ಲೆಂಡಿನ ಕ್ರೈಸ್ತ ಸನ್ಯಾಸಿನಿಯರೊಡನೆ ಪತ್ರಗಳಲ್ಲಿ ಖಡಾಖಡಿ ಜಗಳವಾಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವಿರಲಿ ಎಂದರು. ಸಸ್ಯಾಹಾರ ಬಿಡಲಿಲ್ಲ. ತನಗೆ ಮೊದಲು ಸಿಕ್ಕಿದ್ದು ಕ್ರೈಸ್ತ ಮತ, ಕ್ರಿಸ್ತ ಸಿಕ್ಕಿದ್ದು ಎಂಟು ವರ್ಷಗಳ ಮೇಲೆ ಎಂಬರ್ಥದಲ್ಲಿ ಆಮೇಲೆ ಬರೆದುಕೊಂಡರು. ಒಂದೇ ರಾತ್ರಿಯಲ್ಲಿ ಬಲ ಬಂತೆಂದು ಸಾಕ್ಷಿ ಹೇಳುವವರನ್ನು ಕಂಡರೆ ಸ್ವಲ್ಪ ಹಿಂದೆ ಸರಿಯುವ ನನ್ನಂಥವನಿಗೆ ಆ ಎಂಟು ವರ್ಷಗಳ ಲೆಕ್ಕ ಸಮಾಧಾನ ಕೊಡುತ್ತದೆ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದ ಗೋದೂಬಾಯಿ ಅಲ್ಲಿಯ ಮೊದಲ ವಿಧವಾ ವಿದ್ಯಾರ್ಥಿನಿ. 1893ರಲ್ಲಿ ಸದನದ ಹುಡುಗಿಯರು ಕ್ರೈಸ್ತರಾಗುತ್ತಿದ್ದಾರೆಂಬ ಗದ್ದಲವೆದ್ದು, ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಕೈಬಿಟ್ಟರು. 1896-97ರಲ್ಲಿ ಮಧ್ಯ ಪ್ರಾಂತದಲ್ಲಿ ಬರವೆಂಬ ಸುದ್ದಿ ಬಂದಾಗ ರಮಾಬಾಯಿಗೆ ತನ್ನ ಹದಿನಾರನೆಯ ವಯಸ್ಸು ನೆನಪಾಗಿರಬೇಕು. ಹೊರಟೇಬಿಟ್ಟರು, ಸುಮಾರು ಮುನ್ನೂರು ಹೆಂಗಸರು, ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಊರೊಳಗೆ ಅಷ್ಟು ಜನರನ್ನು ಇಡುವಂತಿಲ್ಲ. ಕೇಡಗಾಂವದ ತಮ್ಮ ಬಯಲಿಗೆ ಅವರನ್ನು ಒಯ್ದರು. ಮುಕ್ತಿ ಹುಟ್ಟಿದ್ದು ಹೀಗೆ. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರು ಎರಡು ಸಾವಿರದ ಹತ್ತಿರ ಹತ್ತಿರ. ಅಮೆರಿಕದ ಮಿತ್ರರು ಹತ್ತು ವರ್ಷಕ್ಕೆಂದು ವಾಗ್ದಾನ ಮಾಡಿದ್ದ ಹಣದ ಅವಧಿ ಅಷ್ಟರಲ್ಲಿ ಮುಗಿದಿತ್ತು. ನಿಶ್ಚಿತ ವರಮಾನವೆಂಬುದು ಇರಲಿಲ್ಲ. ತಿಂಗಳ ಕೊನೆಯ ದಿನ ಸಂಬಳ ತಪ್ಪದೆ ಬ್ಯಾಂಕಿಗೆ ಬೀಳುವ ನಮ್ಮಂಥವರಿಗೆ, ಎರಡು ಸಾವಿರ ಹೊಟ್ಟೆಗಳ ನಾಳೆಯ ಜೋಳ ಎಲ್ಲಿಂದಲೋ ತಿಳಿಯದೆ ರಾತ್ರಿ ಮಲಗುವುದು ಊಹೆಗೂ ದಕ್ಕದ ಮಾತು.

ಆ ದಿನಗಳ ಬಗ್ಗೆ ಮುಕ್ತಿಯಲ್ಲಿ ಹೇಳುವ ಕಥೆಗಳು ಬಹಳ. ಪ್ರಾರ್ಥನೆ ಮಾಡಿದರು, ಅಂಚೆಯಲ್ಲಿ ಹಣ ಬಂತು. ಇವು ಸುಳ್ಳೆಂದು ನಾನು ಅನ್ನುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ನಮಗೆ ಮೊದಲು ಕಲಿಸಿದ ಪಾಠ, ನಿನಗೆ ಬೇಕಾದ ಅಂಕಿಗಳನ್ನಷ್ಟೇ ಬರೆದುಕೊಳ್ಳಬೇಡ ಎಂಬುದು. ಬಂದ ಹಣವನ್ನು ಎಣಿಸುವವರು ಬಾರದ ದಿನಗಳನ್ನೂ ಎಣಿಸಬೇಕು. ಬರದಿಂದ ಬಂದವರಲ್ಲಿ ಎಷ್ಟೋ ಮಂದಿ ಆರೈಕೆಯ ನಂತರವೂ ಉಳಿಯಲಿಲ್ಲ. ಅವರಿಗಾಗಿಯೂ ಪ್ರಾರ್ಥನೆ ನಡೆದೇ ಇರುತ್ತದಲ್ಲವೆ?

ನನಗೆ ಅಂಚೆಯ ಹಣಕ್ಕಿಂತ ದೊಡ್ಡದಾಗಿ ಕಾಣುವುದು ಮಗ್ಗ. ಮುಕ್ತಿಗೆ ಬಂದ ಹೆಣ್ಣುಮಕ್ಕಳಿಗೆ ರಮಾಬಾಯಿ ಪ್ರಾರ್ಥನೆಯನ್ನಷ್ಟೇ ಕಲಿಸಲಿಲ್ಲ. ನೇಯ್ಗೆ, ಹೊಲದ ಕೆಲಸ, ಹೈನು, ಎಣ್ಣೆ ತೆಗೆಯುವುದು, ಮುದ್ರಣದ ಮೊಳೆ ಜೋಡಿಸುವುದು ಎಲ್ಲವನ್ನೂ ಕಲಿಸಿದರು. ಕುರುಡಿಯರಿಗೂ ಕೆಲಸ. ಭಾಗವತದ ಸಾವಿರಾರು ಶ್ಲೋಕ ಬಾಯಿಗೆ ಬಂದರೂ ಕೈಗೆ ಒಂದು ಕಸಬು ಬಾರದೆ ಕಣ್ಣೆದುರಿಗೇ ತಂದೆತಾಯಿಯರು ಹಸಿದು ಸತ್ತದ್ದನ್ನು ಆಕೆ ಮರೆತಿರಲಿಲ್ಲ. ನಂಬಿಕೆ ಆಕೆಯ ಬಾಯನ್ನೂ ಮುಚ್ಚಲಿಲ್ಲ. 1897ರಲ್ಲಿ ಪ್ಲೇಗಿನ ಹೆಸರಿನಲ್ಲಿ ಪುಣೆಯ ಹೆಂಗಸರಿಗೆ ಆಗುತ್ತಿದ್ದ ಅನ್ಯಾಯದ ಬಗ್ಗೆ ಪತ್ರಿಕೆಗೆ ಬರೆದು ಮುಂಬಯಿ ಗವರ್ನರರ ಅಸಮಾಧಾನ ಕಟ್ಟಿಕೊಂಡರು. ದೇವರ ಇಚ್ಛೆ ಎಂದು ಕೈಕಟ್ಟಿ ಕೂರುವುದಕ್ಕೂ ಈ ತಾಳ್ಮೆಗೂ ಅಜಗಜಾಂತರ.

ತಾಳ್ಮೆ ಎಂದೆ. ಬೆಟಗೇರಿಯಲ್ಲಿ ನಮ್ಮ ಬಾಲ್ಯದ ಬೋಧಕರೊಬ್ಬರು ಒಮ್ಮೆ ವಿವರಿಸಿದ್ದರು. ಸತ್ಯವೇದದ ಹೊಸ ಒಡಂಬಡಿಕೆ ಮೂಲದಲ್ಲಿ ಗ್ರೀಕ್ ಭಾಷೆಯದು. ನಾವು ತಾಳ್ಮೆ ಎಂದು ಓದುವ ಕಡೆ ಅಲ್ಲಿರುವ ಶಬ್ದ 'ಹುಪೊಮೊನೆ'. ಬಿಡಿಸಿದರೆ, ಅಡಿಯಲ್ಲಿ ನಿಲ್ಲುವುದು. ಭಾರದ ಅಡಿಯಿಂದ ಓಡಿಹೋಗದೆ ಅಲ್ಲಿಯೇ ನಿಲ್ಲುವುದು. ಕನ್ನಡದ 'ತಾಳು' ಎಂಬ ಮಾತಿನಲ್ಲೂ ಹೊರುವ ಅರ್ಥವಿದೆ, ನಿಲ್ಲುವ ಅರ್ಥವಿದೆ. ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತ ಆ ಹುಡುಗಿ ನನಗೆ ಈ ಶಬ್ದದ ಚಿತ್ರದಂತೆ ತೋರುತ್ತಾಳೆ. ಮುಂದೆ ಆಕೆಯ ಆ ನಂಬಿಕೆಯೇ ಸವೆದುಹೋಯಿತೆಂಬುದು ಬೇರೆ ಮಾತು. ಹೀಗಾಗಿ ನಂಬಿಕೆ ಇಲ್ಲದವರಿಗೆ ತಾಳುವ ಬಲವಿಲ್ಲವೆಂದು ನಾನು ಹೇಳಲಾರೆ. ಸ್ಕೂಟರಿನ ಹಿಂದೆ ಕುಳಿತ ನನ್ನ ಮಿತ್ರರು ಯಾವ ಪ್ರಾರ್ಥನೆಯನ್ನೂ ಮಾಡಿದವರಲ್ಲ. 2020ರಲ್ಲಿ ಖರಾಡಿಯ ಕಟ್ಟಡಗಳ ಕೆಲಸ ನಿಂತು, ಗಂಟು ಹೊತ್ತು ಸೊಲ್ಲಾಪುರ ರಸ್ತೆ ಹಿಡಿದ ನಮ್ಮ ವಿಜಯಪುರ, ಕಲಬುರಗಿಯ ಕಡೆಯ ಜನ ಯಾವ ಯಾವ ದೇವರನ್ನು ನೆನೆದರೋ, ನೆನೆಯಲಿಲ್ಲವೋ, ನಡೆದರು. ನನಗೆ ಎಲ್ಲಿಂದ ಬಂತೋ ಅದನ್ನು ಮಾತ್ರ ನಾನು ಹೇಳುತ್ತಿದ್ದೇನೆ.

ರಮಾಬಾಯಿಯ ನಂಬಿಕೆಯ ಒರೆಗಲ್ಲು ನನ್ನ ಮಟ್ಟಿಗೆ 1921ರ ಜುಲೈ. ಮಗಳು ಮನೋರಮಾ ತಾಯಿಯ ಬಲಗೈ. ಓದಿ ಬಂದು ಸದನದ ಹೊಣೆ ಹೊತ್ತವಳು; 1910ರ ದಶಕದಲ್ಲಿ ನಮ್ಮ ಗುಲ್ಬರ್ಗಾದಲ್ಲಿಯೂ ಹೆಣ್ಣುಮಕ್ಕಳ ಶಾಲೆ ನಡೆಸಿದವಳು. ತನ್ನ ನಂತರ ಎಲ್ಲವನ್ನೂ ನೋಡಿಕೊಳ್ಳುವಳೆಂದು ತಾಯಿ ನಂಬಿದ್ದ ಆ ಮಗಳು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳಿಗಾಗಿ ಎಷ್ಟು ಮೊಣಕಾಲುಗಳು ನೆಲಕ್ಕೆ ಊರಿರಬೇಡ! ಅಂಚೆಯಲ್ಲಿ ಹಣ ತರಿಸಿತೆನ್ನುವ ಪ್ರಾರ್ಥನೆ ಇಲ್ಲಿ ಏನನ್ನೂ ತರಲಿಲ್ಲ. ಲೆಕ್ಕದ ನಂಬಿಕೆಯಾಗಿದ್ದರೆ ಅದು ಇಲ್ಲಿಗೆ ಮುಗಿಯಬೇಕಿತ್ತು, ಮೊದಲೊಮ್ಮೆ ಮುಗಿದಂತೆ.

ಮುಗಿಯಲಿಲ್ಲ. ಅರವತ್ತಮೂರರ ತಾಯಿ ಮೇಜಿಗೆ ಮರಳಿದರು. ಹದಿನೈದು ವರ್ಷಕ್ಕೂ ಮಿಕ್ಕಿ ಅವರು ಹಿಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಅನುವಾದಿಸುತ್ತಿದ್ದರು. ಮುಕ್ತಿಯ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದರು. ಉಳಿದ ಕರಡುಗಳನ್ನು ತಿದ್ದುವ ಕೆಲಸ ಮುಂದುವರಿಯಿತು. ಮುಗಿಸಲು ಇನ್ನು ಹತ್ತು ದಿನ ಕೊಡು ಎಂದು ಕೊನೆಯಲ್ಲಿ ದೇವರನ್ನು ಬೇಡಿಕೊಂಡರೆಂದೂ, ಹತ್ತನೆಯ ದಿನ ಹೋದರೆಂದೂ ಅಲ್ಲಿಯವರು ಹೇಳುತ್ತಾರೆ. ಅದಿರಲಿ, 1922ರ ಏಪ್ರಿಲ್ 5ರಂದು ಅವರು ತೀರಿಕೊಂಡಾಗ ಕೆಲಸ ಮುಗಿದಿತ್ತು. ಪೂರ್ತಿ ಗ್ರಂಥ 1924ರಲ್ಲಿ ಹೊರಬಂತು. ಮಗಳ ಮರಣದಿಂದ ತಾಯಿಯ ಮರಣದವರೆಗಿನ ಆ ಎಂಟು ತಿಂಗಳಿಗೂ ಮಿಕ್ಕ ಕಾಲದಲ್ಲಿ ಆ ಮೇಜಿನ ಬಳಿ ಏನಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಮಾಧಾನವೇ ಇತ್ತೆಂದು ನನಗೆ ಅನಿಸುವುದಿಲ್ಲ. ಒಂದು ಹಾಳೆ, ಅದರ ನಂತರ ಇನ್ನೊಂದು ಹಾಳೆ.

ಹಾಗಾದರೆ ಪ್ರಾರ್ಥನೆ ಏತಕ್ಕೆ? ನನ್ನ ಮತದ ನಟ್ಟನಡುವೆಯೇ ಈಡೇರದ ಪ್ರಾರ್ಥನೆಯೊಂದು ಇದೆ ಎಂಬುದನ್ನು ನಲವತ್ತು ವರ್ಷ ಭಾನುವಾರ ತಪ್ಪದೆ ಕೇಳಿಯೂ ನಾನು ಕೇಳಿಸಿಕೊಂಡಿರಲಿಲ್ಲ. ಹಿಡಿದೊಯ್ದ ರಾತ್ರಿಯೇ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ, ಈ ಸಂಕಟ ತಪ್ಪುವುದಾದರೆ ತಪ್ಪಲಿ ಎಂದು ನೆಲಕ್ಕೆ ಬಿದ್ದು ಬೇಡಿದ. ತಪ್ಪಲಿಲ್ಲ. ಮರುದಿನ ಶಿಲುಬೆಯ ಮೇಲೆ, ತನ್ನನ್ನು ಏಕೆ ಕೈಬಿಟ್ಟೆ ಎಂದು ತಂದೆಯನ್ನೇ ಕೂಗಿ ಕೇಳಿದ. ಆ ಕೂಗನ್ನು ಸುವಾರ್ತೆ ಬರೆದವರಲ್ಲಿ ಇಬ್ಬರು ಅಳಿಸಿಹಾಕಲಿಲ್ಲ, ತಿದ್ದಿ ಬರೆಯಲಿಲ್ಲ. ಅಣ್ಣ ಹೋದ ರಾತ್ರಿ, ಸುತ್ತಿ ಕಟ್ಟಿದ ದೇಹದ ಬಳಿಗೂ ಬಿಡದೆ ದೂರದಲ್ಲಿ ನಿಲ್ಲಿಸಿದಾಗ, ನನ್ನೊಳಗೆ ಎದ್ದ ಮಾತೂ ಅದೇ. ದೇವರನ್ನು ಬಿಟ್ಟು ಹೊರಗೆ ಬಂದೆನೆಂದು ಆಗ ನಾನು ತಿಳಿದಿದ್ದೆ. ಆ ಮಾತು ಅದಾಗಲೇ ಒಳಗೇ ಆಡಿದ ಮಾತೆಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನನ್ನ ದುಃಖದ ಬಗ್ಗೆ ಸುಳ್ಳು ಹೇಳದೆಯೇ ಅಲ್ಲಿ ಕುಳಿತುಕೊಳ್ಳಬಹುದು. ಹೋಗಿ ಏನು ಕೇಳುತ್ತೀರಿ ಎಂದರೆ, ಈಗೀಗ ಹೆಚ್ಚೇನೂ ಕೇಳುವುದಿಲ್ಲ. ಸೋಮವಾರದ ಕೆಲಸಕ್ಕೆ ಏಳುವಷ್ಟು.

ನಮ್ಮ ಅವ್ವ ಇದನ್ನು ನನಗಿಂತ ಮೊದಲೇ ಬಲ್ಲವಳಾಗಿದ್ದಳು. ಅಣ್ಣನ ಮಣ್ಣಾದ ಮೂರನೆಯ ಬೆಳಿಗ್ಗೆ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಗಾಬರಿಯಾಗಿ ಎದ್ದು ಹೋದೆ. ಎಪ್ಪತ್ತೈದರ ಮುದುಕಿ, ಕಣ್ಣಿಂದ ನೀರು ಇಳಿಯುತ್ತಲೇ ಇದೆ, ಕೈ ಬಡಿಯುತ್ತಲೇ ಇದೆ. "ಬಿಡವ್ವಾ, ಹೊರಗಿಂದ ತರ್ತೀನಿ" ಎಂದೆ.

"ಅಳೂದು ಅಳತೀನಿ ತಮ್ಮಾ. ಹುಡುಗರು ಉಣಬೇಕಲಾ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನಾನು ಕೇಳದಿದ್ದರೂ, "ದೇವರ ಮ್ಯಾಲ ನಂಗ ಭಾಳ ಸಿಟ್ಟ ಬಂದೈತಿ. ಆದರ ಸಿಟ್ಟು ಮಾಡಾಕಾದರೂ ಅಂವ ಬೇಕಲ್ಲೋ" ಎಂದು ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಅವ್ವ ಈಗಿಲ್ಲ. ಅಣ್ಣನ ಮಗಳು ಇಲ್ಲಿಯೇ ನರ್ಸಿಂಗ್ ಓದುತ್ತಿದ್ದಾಳೆ. ಆ ಆಸ್ಪತ್ರೆಯ ದಿನಗಳನ್ನು ಕಂಡ ಮೇಲೂ ಇದೇ ಕೆಲಸ ಬೇಕೆಂದು ಹಟ ಹಿಡಿದವಳು ಅವಳು, ನಾವಾರೂ ಹೇಳಿದ್ದಲ್ಲ.

ಇಷ್ಟನ್ನೆಲ್ಲ ನನ್ನ ಮಿತ್ರರಿಗೆ ಎದುರೆದುರೇ ಹೇಳಲು ನನ್ನಿಂದ ಆಗಲಿಲ್ಲ. ಮೊನ್ನೆ ಕಾಯಿಪಲ್ಯದ ಗಾಡಿಯ ಹತ್ತಿರ ಸಿಕ್ಕಾಗ, "ಶನಿವಾರ ಬಿಡುವಿದ್ದರ ಕೇಡಗಾಂವಕ್ಕ ಹೋಗಿ ಬರೂಣೇನ್ರಿ?" ಎಂದೆ. ಅಲ್ಲೇನಿದೆ ಎಂದು ಕೇಳಿದರು. "ಒಬ್ಬ ಹೆಣ್ಣಮಗಳ ಮನಿ ಐತ್ರಿ, ನಮ್ಮ ಘಟ್ಟದ ಕಡೆಯಾಕಿ" ಎಂದೆ. ಮುಂಢವೆಯ ಸೇತುವೆ ದಾಟಿದರೆ ಹಡಪ್ಸರ ನಿಲ್ದಾಣ ದೂರವೇನಲ್ಲ. ದೌಂಡಿನ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಬುತ್ತಿ ತಾವೇ ತರುತ್ತೇನೆಂದು ಒಪ್ಪಿಕೊಂಡಿದ್ದಾರೆ.